ಮಾವನವರ ಕಂಪ್ರೆಸರ್ ಧರ್ಮ

ನನ್ನ ಮಾವನವರು ಡಾಕ್ಟರಾಗಲಿಲ್ಲ, ಒಳ್ಳೆಯದೇ ಆಯಿತು. ಆಗಿದ್ದರೆ ಇಡೀ ಕೊಲ್ಹಾಪುರ ಜಿಲ್ಲೆಯಲ್ಲಿ ಒಬ್ಬ ರೋಗಿಯೂ ಸಾಯುತ್ತಿರಲಿಲ್ಲ. ಹಾಗೆಯೇ ಒಬ್ಬನೂ ಆಸ್ಪತ್ರೆ ಬಿಟ್ಟು ಮನೆಗೆ ಹೋಗುತ್ತಲೂ ಇರಲಿಲ್ಲ! ಒಬ್ಬನಿಗೆ ಕಾಲು ಸಿಗಬೇಕು, ಇನ್ನೊಬ್ಬನಿಗೆ ಕಿವಿ ಸಿಗಬೇಕು ಎಂದು ಎಲ್ಲರೂ ಮಂಚದ ಮೇಲೆ ಮಲಗಿಕೊಂಡು ವರ್ಷಗಟ್ಟಲೆ ದಾರಿ ಕಾಯುತ್ತಿದ್ದರು. ಇದು ಅಳಿಯನ ಕೊಂಕು ಎಂದು ನಿಮಗೆ ಅನಿಸಿದರೆ ಒಮ್ಮೆ ಇಚಲಕರಂಜಿಗೆ ಬಂದು ಅವರ ಅಂಗಳ ನೋಡಿ. ಅಲ್ಲಿ ಹನ್ನೊಂದು ಹಳೆಯ ಏರ್ ಕಂಪ್ರೆಸರ್‌ಗಳು ಸಾಲಾಗಿ ಇದೇ ಅವಸ್ಥೆಯಲ್ಲಿ ಕೂತಿವೆ. ಒಂದಕ್ಕೆ ವಾಲ್ವ್ ಇಲ್ಲ, ಒಂದಕ್ಕೆ ಪಿಸ್ಟನ್ ರಿಂಗ್ ಇಲ್ಲ, ಒಂದಕ್ಕೆ ಏನಿಲ್ಲ ಎನ್ನುವುದು ಇನ್ನೂ ಗೊತ್ತಾಗಬೇಕಾಗಿದೆ.

ಕಂಪ್ರೆಸರ್ ಗೊತ್ತಲ್ಲ ನಿಮಗೆ? ಪಂಕ್ಚರ್ ಅಂಗಡಿಯ ಮುಂದೆ ಡಬಡಬ ಎಂದು ಬಡಿದುಕೊಳ್ಳುತ್ತ ಗಾಳಿಯನ್ನು ಹಿಂಡಿ ಟ್ಯಾಂಕಿಗೆ ತುಂಬುತ್ತದಲ್ಲ, ಅದೇ. ಮೊದಲು ಮಾವನವರದು ಆರು ಮಗ್ಗದ ಶೆಡ್ಡು ಇತ್ತು. ಅದನ್ನು ಬಾಡಿಗೆಗೆ ಕೊಟ್ಟ ಮೇಲೆ ಈ ಹುಚ್ಚು ಹಿಡಿಯಿತು. ಹೊಸ ಯಂತ್ರ ಮುಟ್ಟುವುದಿಲ್ಲ. ತಯಾರಿಸಿದ ಕಂಪನಿ ಮುಚ್ಚಿರಬೇಕು, ಹೆಸರಿನ ಫಲಕ ಉದುರಿರಬೇಕು, ಬಿಡಿಭಾಗ ಎಲ್ಲಿಯೂ ಸಿಗಬಾರದು. ಅಂಥದ್ದಾದರೆ ಮಾತ್ರ ಅವರ ಕಣ್ಣು ಅರಳುತ್ತದೆ! ರಿಪೇರಿಯಾಗಿ ನಡೆಯತೊಡಗಿದ ದಿನವೇ ಮಾಲೀಕರು ಬಂದು ಒಯ್ಯುತ್ತಾರೆ. ನಡೆಯದವು ಮನೆಯಲ್ಲಿ ಉಳಿಯುತ್ತವೆ. "ಅಂಗಳದಾಗ ಒಂದ್ ಹಪ್ಪಳ ಒಣಗಸಾಕ ಜಾಗಾ ಇಲ್ರಿ ನನಗ," ಎನ್ನುವುದು ಅತ್ತೆಯವರ ಶಾಶ್ವತ ತಕರಾರು.

ಹುಚ್ಚು ಯಾರಿಗಿರುವುದಿಲ್ಲ ಹೇಳಿ? ತೊಂದರೆ ಹುಚ್ಚಿನದಲ್ಲ, ಧರ್ಮದ್ದು. ಹಳೆಯ ಯಂತ್ರಕ್ಕೆ ಭಾಗ ಬೇಕೆಂದರೆ ಅದೇ ಜಾತಿಯ ಇನ್ನೊಂದು ಹಳೆಯ ಯಂತ್ರ ಹುಡುಕಿ ಅದರಿಂದ ಕೀಳಬೇಕು. ಎಲ್ಲ ಮೆಕ್ಯಾನಿಕರೂ ಮಾಡುವುದು ಅದನ್ನೇ. ನಮ್ಮ ಮಾವನವರಿಗೆ ಮಾತ್ರ ಒಂದು ನೇಮವಿದೆ. ಜೀವ ಇರುವ ಯಂತ್ರದಿಂದ ಭಾಗ ಕೀಳಬಾರದು! ನಡೆಯುವ ಯಂತ್ರವಷ್ಟೇ ಅಲ್ಲ, ಉಪಚಾರ ಮಾಡಿದರೆ ನಡೆದೀತು ಎನ್ನುವ ಯಂತ್ರವೂ ಜೀವಂತವೇ. ಅದರ ಒಂದು ನಟ್ಟು ಬಿಚ್ಚಿದರೂ ಹಿಂಸೆ. ನಮ್ಮ ಜೈನ ಮನೆಗಳಲ್ಲಿ ಇರುವೆ ತುಳಿದೇವೆಂದು ನೆಲ ನೋಡಿ ನಡೆಯುವವರಿದ್ದಾರೆ, ನಿಜ. ಆದರೆ ಎರಕದ ಕಬ್ಬಿಣಕ್ಕೂ ಅಹಿಂಸೆ ಹಚ್ಚಿದವರು ಇವರೊಬ್ಬರೇ. ಬಸದಿಯ ಪಂಡಿತರನ್ನೇ ಒಮ್ಮೆ ಕೇಳಿದೆ. ಅವರು ಪಾಪ, ಬಹಳ ಹೊತ್ತು ಯೋಚಿಸಿ, "ಶಾಸ್ತ್ರದಾಗ ಹಂಗೇನ್ ಇಲ್ರಿ," ಎಂದರು. ಅದನ್ನು ಮಾವನವರಿಗೆ ತಂದು ಮುಟ್ಟಿಸಿದೆ.

"ಶಾಸ್ತ್ರಾ ಬರಿಯೂ ಮುಂದ ಕಂಪ್ರೆಸರ್ ಎಲ್ಲಿದ್ವರಿ?" ಎಂದರು. ಇದಕ್ಕೆ ನೀವು ಏನು ಉತ್ತರ ಕೊಡುತ್ತೀರಿ?

ಈ ಧರ್ಮಕ್ಕೂ ನನಗೂ ಗಂಟು ಬಿದ್ದದ್ದು ಹೇಗೆಂದು ಹೇಳಬೇಕು. ನಾನು ಕೊಲ್ಹಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಕನ್ಯೆ ನೋಡಲು ಹೋದ ದಿನ ಉಳ್ಳಾಗಡ್ಡಿ ಹಾಕದ ಅವಲಕ್ಕಿ ತಿನ್ನುತ್ತ, ಸಂಬಳ ಕೇಳುತ್ತಾರೋ ಹೊಲ ಕೇಳುತ್ತಾರೋ ಎಂದು ಹೆದರಿ ಕೂತಿದ್ದೆ.

"ಏನ್ ಕಲಸ್ತೀರಿ?" ಎಂದರು.

"ಭೂಗೋಳರಿ."

"ಅದರಾಗ ಏನೇನ್ ಬರತೈತಿ?"

"ನದಿ, ಗುಡ್ಡ, ಬೆಳಿ, ಮತ್ತ ವಾಯುಭಾರ…"

"ವಾಯುಭಾರ!" ಎಂದು ಅವರು ಬಟ್ಟಲು ಕೆಳಗಿಟ್ಟರು. "ಅಂದ್ರ ನೀವು ಗಾಳಿ ಮಾಸ್ತರ ಅನ್ರಿ!"

ಅಲ್ಲಿಗೆ ಮುಗಿಯಿತು. ಜಾತಕ ಯಾರೂ ನೋಡಲಿಲ್ಲ. ಒಳಗಿನಿಂದ ಹುಡುಗಿ ಚಹಾ ತರುವಷ್ಟರಲ್ಲಿ ಲಗ್ನ ನಿಶ್ಚಯವಾಗಿತ್ತು. "ಮಂದಿ ಲಗ್ನಾ ಗುಣಾ ಕೂಡಿ ಆಗತಾವ, ನಂದು ವಾಯುಭಾರದ ಮ್ಯಾಲ ಆತು," ಎಂದು ನನ್ನ ಹೆಂಡತಿ ಈಗಲೂ ಚುಚ್ಚುತ್ತಾಳೆ.

ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದೆ. ಎಣ್ಣೆಸ್ನಾನವಾಗಿ, ಹೊಸ ಬಿಳಿ ಅಂಗಿ ತೊಟ್ಟು ನಿಂತಿದ್ದಾಗ ಮಾವನವರು ಅಂಗಳದಿಂದ ಕೂಗಿದರು: "ಜಾವಯಿಬಾಪು, ಒಂದ್ ಮಿಂಟ ಬಲಗೈ ಕೊಡ್ರಿ." ನಮ್ಮ ಕಡೆ ಮೊದಲ ದೀಪಾವಳಿಗೆ ಜಾವಯಿಗೆ, ಎಂದರೆ ಅಳಿಯನಿಗೆ, ಉಂಗುರ ತೊಡಿಸುವ ರೂಢಿ ಇದೆ. ನಾಚಿಕೊಂಡಂತೆ ಮಾಡಿ ಕೈ ಚಾಚಿದೆ. ಅವರು ನನ್ನ ಅಂಗೈಯನ್ನು ಹಿಡಿದು ಗ್ರೀಸ್ ಮೆತ್ತಿದ ಒಂದು ನಳಿಗೆಯ ಬಾಯಿಗೆ ಗಟ್ಟಿಯಾಗಿ ಒತ್ತಿ, ಇನ್ನೊಂದು ಕೈಯಿಂದ ಕಂಪ್ರೆಸರಿನ ದೊಡ್ಡ ಗಾಲಿ ತಿರುವಿದರು!

"ಗಾಳಿ ಬಡೀತೇನು?"

"ಬಡೀತ್ರಿ…"

"ಜೀವ ಐತಿ!" ಎಂದು ಕುಣಿದಾಡಿದರು. ಅಂಗಿಯ ತೋಳಿನ ಕಲೆ ಮಾತ್ರ ಇಂದಿಗೂ ಹೋಗಿಲ್ಲ.

ಅದೇ ಅವರ ಪರೀಕ್ಷೆ. ಗಾಲಿ ಅವರು ತಿರುವಬೇಕು, ಅಂಗೈ ಬೇರೆಯವರದಾಗಿರಬೇಕು. ಗಾಳಿ ಬಡಿದರೆ ಜೀವ ಇದೆ, ಮುಟ್ಟುವಂತಿಲ್ಲ. ಬಡಿಯದಿದ್ದರೆ ಸತ್ತಿದೆ, ಬಿಚ್ಚಬಹುದು. ಅಂಗೈ ನಿಮ್ಮದೇ ಯಾಕಾಗಬಾರದು ಎಂದು ಕೇಳಿದ್ದಕ್ಕೆ, "ಪಾರ್ಟ್ ನನಗ ಬೇಕಾಗಿರತೈತಿ. ಬೇಕಾದಾಂವನ ಸತ್ತೈತಿ ಅಂತ ಹೇಳಿದ್ರ ಹೆಂಗರಿ ನಡೀತೈತಿ?" ಎಂದರು. ನ್ಯಾಯವಾದ ಮಾತೇ. ಆದರೆ ಆ ನ್ಯಾಯಕ್ಕೆ ಹನ್ನೆರಡು ವರ್ಷದಿಂದ ನನ್ನ ಭಾನುವಾರಗಳು ಹೋಗುತ್ತಿವೆಯಲ್ಲ, ಅದನ್ನು ಯಾರಿಗೆ ಹೇಳಲಿ?

ಹೋದ ಸಲದ ಕಬ್ಬಿನ ಹಂಗಾಮಿನಲ್ಲಿ ಮಾತ್ರ ಈ ಧರ್ಮದ ಕುತ್ತಿಗೆಗೇ ಬಂದಿತ್ತು.

ಗಡಹಿಂಗ್ಲಜದ ಹೊರಗೆ ಒಂದು ಪೆಟ್ರೋಲ್ ಪಂಪಿನ ಮೂಲೆಯಲ್ಲಿ ಮಾಯವ್ವನ ಪಂಕ್ಚರ್ ಅಂಗಡಿ ಇದೆ. ಗಡಿಯ ಹಳ್ಳಿಯ ಕುರುಬರ ಮನೆಯವಳು. ಗಂಡ ಕುರಿ ಹೊಡೆದುಕೊಂಡು ವರ್ಷದ ಎಂಟು ತಿಂಗಳು ಊರೂರು ತಿರುಗುತ್ತಾನೆ. ಈಕೆ ಇಲ್ಲಿ ಟ್ರ್ಯಾಕ್ಟರಿನ ಟೈರುಗಳನ್ನು ರೊಟ್ಟಿ ಮಗುಚಿದಷ್ಟು ಸಲೀಸಾಗಿ ಮಗುಚುತ್ತಾಳೆ. ದಸರೆಯ ಹೊತ್ತಿಗೆ ಆಕೆಯ ಹಳೆಯ ಕಂಪ್ರೆಸರಿನ ಕ್ರ್ಯಾಂಕ್ ಮುರಿಯಿತು. ಕ್ರ್ಯಾಂಕ್ ಎಂದರೆ ಎರಡೂ ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುವ ಸೊಟ್ಟ ದಂಡ. ಅದು ಹೋದರೆ ಉಳಿದದ್ದೆಲ್ಲ ಚೆನ್ನಾಗಿದ್ದೂ ಉಪಯೋಗವಿಲ್ಲ. ಪಂಪಿನ ಮಾಲೀಕ ಹೇಳಿಬಿಟ್ಟಿದ್ದ: ಕಬ್ಬಿನ ಹಂಗಾಮಿನ ಮೊದಲ ಟ್ರ್ಯಾಕ್ಟರ್ ಬರುವ ದಿನ ಗಾಳಿ ಇರಬೇಕು, ಇಲ್ಲದಿದ್ದರೆ ಮೂಲೆ ಖಾಲಿ ಮಾಡಬೇಕು. ಹೊಸ ಕಂಪ್ರೆಸರ್ ಇದ್ದ ಇನ್ನೊಬ್ಬ ಆ ಮೂಲೆಗಾಗಿ ಆಗಲೇ ಕಾದಿದ್ದ. ಹಂಗಾಮಿನ ನಾಲ್ಕು ತಿಂಗಳಿನ ದುಡಿಮೆಯಲ್ಲೇ ಮಾಯವ್ವನ ವರ್ಷ ಸಾಗಬೇಕು. ಹೊಸ ಯಂತ್ರ ಕೊಳ್ಳುವ ಮಾತು ದೂರ. ಮಾವನವರ ಹನ್ನೊಂದರಲ್ಲಿ ಒಂದನ್ನು ಎರವಲು ಕೊಡೋಣವೆಂದರೆ ಒಂದೂ ಉಸಿರಾಡುತ್ತಿರಲಿಲ್ಲ, ಅದೇ ಜಾತಿಯದೂ ಅವುಗಳಲ್ಲಿ ಇರಲಿಲ್ಲ.

ಮಾವನವರು ಮುರಿದ ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು, "ಹಂಗಾಮಿಗೆ ಮೊದಲ ಎಬ್ಬಸ್ತೀನವ್ವಾ, ಚಿಂತಿ ಮಾಡಬ್ಯಾಡ," ಎಂದು ಮಾತು ಕೊಟ್ಟರು.

"ಎಬ್ಬಸ್ದಿದ್ರ ನಾ ನಿಮ್ಮ ಅಂಗಳಕ್ಕ ಬಂದ ಕುಂಡ್ರತೇನಿ ನೋಡ್ರಿ ಕಾಕಾ," ಎಂದಳು ಆಕೆ. ಅತ್ತೆಯವರಿಗೆ ಇದನ್ನು ಹೇಳಿದಾಗ, "ಅಕಿನ್ನ ಎಲ್ಲಿ ಕುಂಡ್ರಸ್ತೀರಿ? ಜಾಗಾ ಎಲ್ಲೈತಿ?" ಎಂದರು.

ಹುಡುಕಾಟ ಶುರುವಾಯಿತು. ಮೊದಲು ಗೋಕುಳ ಶಿರಗಾಂವದ ಒಂದು ಫೌಂಡ್ರಿ. ಹೊಸದಾಗಿ ಎರಕ ಹೊಯ್ಯಿಸೋಣವೆಂದು ಹೋದೆವು. ಅಲ್ಲಿಯ ಮಾಲೀಕ ಮುರಿದ ತುಂಡುಗಳನ್ನು ತಿರುಗಿಸಿ ನೋಡಿ, "ಕಾಕಾ, ಏಕ್ ಪೀಸ್ ನಾಹೀ ಜಮಣಾರ, ಒಂದ ಮಾಡಾಕ ಆಗಂಗಿಲ್ಲ. ನೂರು ಪೀಸಿನ ಆರ್ಡರ್ ಕೊಡ್ರಿ, ನಾಳೆನ ಶುರು ಮಾಡೂಣು," ಎಂದ. ಯಾರಾದರೂ ನಕ್ಕು ಎದ್ದು ಬರುತ್ತಿದ್ದರು. ಮಾವನವರು ನಗಲಿಲ್ಲ. ಕಾರು ಹೈವೇ ಮುಟ್ಟಿತು. ಆಮೇಲೆ ಮೆಲ್ಲಗೆ ಕೇಳಿದರು:

"ಜಾವಯಿಬಾಪು, ನಿಮ್ಮ ಕೊಲ್ಹಾಪುರದ ಮನ್ಯಾಗ ಮ್ಯಾಲಿನ ಖೋಲಿ ಖಾಲಿ ಐತಲ್ರಿ?"

"ಯಾಕ್ರಿ?"

"ಒಂದ್ ಮಾಯವ್ವಗ ಹೋತಂದ್ರ, ಉಳದ ತೊಂಬತ್ತೊಂಬತ್ತ ಎಲ್ಲರ ಇಡಬೇಕಲ್ರಿ!"

ನಾನು ಆ ಕ್ಷಣವೇ ಮೇಲಿನ ಖೋಲಿಯನ್ನು ಬಾಡಿಗೆಗೆ ಕೊಟ್ಟೆ. ಅಂದರೆ, ಬಾಯಿಮಾತಿನಲ್ಲಿ. ಇಂದಿಗೂ ಅಲ್ಲಿ ಯಾರೋ ಇದ್ದಾರೆಂದೇ ಅವರು ತಿಳಿದಿದ್ದಾರೆ.

ಲೇಥ್‌ನವರು ಕಡೆದು ಕೊಡಲು ಎರಡು ತಿಂಗಳು ಎಂದರು. ಇನ್ನು ಉಳಿದದ್ದು ಅದೇ ಜಾತಿಯ ಯಂತ್ರ ಹುಡುಕುವುದು. ಇಚಲಕರಂಜಿಯ ಒಬ್ಬ ಗುಜರಿಯವನ ಹತ್ತಿರ ಸಿಕ್ಕೇಬಿಟ್ಟಿತು! ಹಸಿರು ಬಣ್ಣ, ಅದೇ ಅಳತೆ, ಅದೇ ಎರಕ. ಮಾವನವರು ಗಾಲಿ ತಿರುವಿದರು, ನಾನು ಅಂಗೈ ಇಟ್ಟೆ. ಗಾಳಿ ಬಡಿಯಿತು. ಹನ್ನೆರಡು ವರ್ಷದ ಅಭ್ಯಾಸ ನೋಡಿ, ನಾಲಗೆ ತಾನಾಗಿಯೇ ಹೊರಳಿತು: "ಬಡೀತ್ರಿ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಏನು ಪ್ರಯೋಜನ? ಅವರು ಆಗಲೇ ಅಂಗಿಯ ತೋಳು ಮಡಚಿಯಾಗಿತ್ತು. ಮೂರು ತಾಸು ಕೂತು, ವಾಲ್ವ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಸಿ ಕೆರೆದು, ಎಣ್ಣೆ ಹಾಕಿ, ಗುಜರಿಯವನ ಮೋಟಾರು ಜೋಡಿಸಿ ಯಂತ್ರವನ್ನು ಎಬ್ಬಿಸಿದರು. ಡಬಡಬ ಶುರುವಾಯಿತು. ಗುಜರಿಯವನು ಬಾಯಿ ತೆರೆದುಕೊಂಡು ನಿಂತ.

"ಮಾವಾರ, ನಮ್ಮ ಕ್ರ್ಯಾಂಕ್?" ಎಂದೆ.

"ನೋಡ್ರಿ, ನೋಡ್ರಿ, ಹೆಂಗ ಉಸರಾಡಾಕತ್ತೈತಿ!" ಎಂದರು.

ಇದನ್ನೇ ಕೊಡು ಎಂದು ನಾನು ಗುಜರಿಯವನಿಗೆ ಗಂಟುಬಿದ್ದೆ. "ಅದ್ಹೆಂಗರಿ ಸಾಹೇಬ? ನಡಿಯೂ ಮಷಿನ್ ಯಾರರ ಗುಜರಿ ರೇಟಿಗೆ ಕೊಡತಾರೇನು?" ಎಂದು ಅವನು ನನಗೇ ವ್ಯಾಪಾರ ಕಲಿಸಿದ. ಮರುದಿನ ಅದನ್ನು ನೂಲಿಗೆ ಗಂಜಿ ಹಾಕುವ ಒಂದು ಸೈಜಿಂಗ್ ಕಾರಖಾನೆಗೆ ಮಾರಿದ ಸುದ್ದಿ ಬಂತು.

ಸುದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. ಇಚಲಕರಂಜಿಯ ಗುಜರಿ ಓಣಿಯಲ್ಲಿ ಕಿವಿಯಿಂದ ಕಿವಿಗೆ ಹೋಯಿತು. ಅಂದಿನಿಂದ ದಿನಕ್ಕೊಂದು ಫೋನು: "ಮಾಮಾ, ತುಮ್ಚಾ ಕ್ರ್ಯಾಂಕ್ ಸಾಪಡಲಾ! ಸಿಕ್ಕೇತ್ರಿ, ಲಗೂನ ಬರ್ರಿ!" ಓಡಿ ಹೋದರೆ ಬೇರೆಯೇ ಜಾತಿಯ ಯಂತ್ರ. ಆದರೂ ಬಂದದ್ದಾಯಿತಲ್ಲ, ಅಂಗೈ ಇಡಿ ಎನ್ನುತ್ತಿದ್ದರು ಮಾವನವರು. ಗಾಳಿ ಬಡಿದರೆ ಮುಗಿಯಿತು, ಎಬ್ಬಿಸಿಯೇ ಏಳುವುದು! ಮೂರನೆಯ ಅಂಗಡಿಯಲ್ಲಂತೂ ಅವರಿಗಾಗಿ ಒಂದು ಕುರ್ಚಿ, ಒಂದು ಡಬ್ಬಿ ಸೀಮೆಎಣ್ಣೆ, ಒರೆಸಲು ಹಳೆಯ ಬಟ್ಟೆ ಮೊದಲೇ ಇಟ್ಟಿದ್ದರು. ಬಟ್ಟೆ ಒಗೆದು ಮಡಿಕೆ ಮಾಡಿ ಇಟ್ಟಿದ್ದರು ಎಂದರೆ ನೀವು ನಂಬಬೇಕು!

ನನಗೆ ಹೊಟ್ಟೆ ಉರಿಯಿತು. "ಮಾವಾರ, ಈ ಮಂದಿ ನಿಮ್ಮನ್ನ ಮೋಸಾ ಮಾಡಾಕತ್ತಾರ. ಪುಕಸಟ್ಟೆ ಕೆಲಸಾ ಮಾಡಸ್ಕೋತಾರ."

"ಗೊತ್ತೈತ್ರಿ."

"ಗೊತ್ತಿದ್ದೂ?"

"ಮೋಸಾ ಅವ್ರ ಮಾಡ್ಯಾರ. ಮಷಿನ್ ಏನ್ ಮಾಡೇತ್ರಿ, ಪಾಪ?"

ಆಮೇಲೆ ಯಡ್ರಾವ. ಅಲ್ಲಿ ದೂರದ ಸಂಬಂಧಿಕರೊಬ್ಬರ ಮಗ್ಗದ ಶೆಡ್ಡು. ಮಗ್ಗಗಳ ಮೇಲಿನ ಹತ್ತಿಯ ದೂಳು ಊದಲೆಂದು ಇಟ್ಟುಕೊಂಡಿದ್ದ ಕಂಪ್ರೆಸರ್ ಎರಡು ವರ್ಷದಿಂದ ಬಿದ್ದಿತ್ತು. ನಮಗೆ ಬೇಕಾದ ಜಾತಿಯೇ! "ಸತ್ತ ಹೋಗೇತಿ, ಹೊತಗೊಂಡ ಹೋಗ್ರಿ," ಎಂದರು ಅವರು. ಅಂಗೈ ಇಟ್ಟೆ. ಗಾಲಿ ತಿರುಗಿತು. ಏನೂ ಇಲ್ಲ! ಒಂದು ಎಳೆ ಗಾಳಿ ಇಲ್ಲ!

"ಇಲ್ರಿ ಮಾವಾರ! ಏನೇನೂ ಇಲ್ರಿ!" ಎಂದು ನಾನು ಕೂಗಿದ ರೀತಿಗೆ ಮಗ್ಗದವರೆಲ್ಲ ತಿರುಗಿ ನೋಡಿದರು.

ಮಾವನವರು ನನ್ನನ್ನು ಒಂದು ನಮೂನೆ ನೋಡಿದರು. "ಸತ್ತಿದ್ದಕ್ಕ ಇಷ್ಟ್ ಖುಷಿ ಪಡಬಾರದ್ರಿ. ತಾಳ್ರಿ," ಎಂದು ಗಾಳಿ ಒಳಗೆ ಹೋಗುವ ಬಾಯಿಯ ಮುಚ್ಚಳ ತೆಗೆದರು. ಒಳಗೆ ಹತ್ತಿ. ಇಲಿ ತುಂಬಿಟ್ಟ ಹತ್ತಿ, ಒಂದು ಸಣ್ಣ ದಿಂಬಿಗೆ ಸಾಕಾಗುವಷ್ಟು. ಅದನ್ನು ಎಳೆದು ತೆಗೆದು ಮತ್ತೆ ಗಾಲಿ ತಿರುವಿದರು. ನನ್ನ ಅಂಗೈಗೆ ಗಾಳಿ ರಪ್ಪನೆ ಬಡಿಯಿತು. ಸಂಜೆಯ ಹೊತ್ತಿಗೆ ಶೆಡ್ಡಿನ ದೂಳೆಲ್ಲ ಹಾರಿತು, ಸಂಬಂಧಿಕರ ಸಂತೋಷಕ್ಕೆ ಪಾರವಿಲ್ಲ, ನಾವು ಎರಡು ಬೆಲ್ಲದ ಅಚ್ಚು ಹಿಡಿದುಕೊಂಡು ಮನೆಗೆ ಬಂದೆವು. ಕ್ರ್ಯಾಂಕ್ ಇಲ್ಲ.

ಹೀಗೆ ಒಂದು ತಿಂಗಳಲ್ಲಿ ಮಾವನವರು ಐದು ಕಂಪ್ರೆಸರ್‌ಗಳಿಗೆ ಜೀವ ಕೊಟ್ಟರು. ಮಾತು ಕೊಟ್ಟದ್ದು ಆರನೆಯದಕ್ಕೆ!

ಮಾಯವ್ವ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದಳು. ಮೊದಮೊದಲು ತಮಾಷೆ ಇರುತ್ತಿತ್ತು: "ಏನ್ ಕಾಕಾ, ಗಾಳಿ ಬಂತೋ, ಇಲ್ಲಾ ಬಾಯಲೇ ಊದಲೋ?" ಮಾವನವರೂ ನಗುತ್ತಿದ್ದರು. ಹಂಗಾಮಿಗೆ ಎರಡು ದಿನ ಉಳಿದಾಗ ಬಂದ ಫೋನಿನಲ್ಲಿ ತಮಾಷೆ ಇರಲಿಲ್ಲ. ಅದು ಶನಿವಾರ, ನಾನು ಇಚಲಕರಂಜಿಯಲ್ಲೇ ಇದ್ದೆ. ಸ್ಪೀಕರ್ ಹಾಕಿತ್ತು, ನಾನೂ ಕೇಳಿದೆ.

"ಕಾಕಾ, ಪಂಪಿನ ಸಾವಕಾರ ಆ ಹೊಸ ಮಷಿನ್‌ದಾಂವನ್ನ ಕರಕೊಂಡ ಬಂದಿದ್ದ. ನಾ ಅಲ್ಲೇ ನಿಂತೇನಿ, ನನ್ನ ಕಟ್ಟಿ ಮ್ಯಾಲ ಟೇಪ್ ಹಿಡದು ಅಳದ್ರು. ಅತ್ತಾಗ ಸರಿ ಅಂತ ನನಗ ಅಂದ. ಸರದ ನಿಂತೆ."

ಮಾವನವರು "ಹೂಂ" ಎಂದರು. ಮುಂದಿದ್ದ ಚಹಾ ಆರಿತು.

ಅತ್ತೆಯವರೇ ಎದ್ದು ಬಂದರು. "ನಿಮ್ಮ ಧರ್ಮಾ ಕಟಗೊಂಡ ಆ ಹೆಣಮಗಳು ಏನ್ ಮಾಡಬೇಕ್ರಿ? ಕಬ್ಬಣಕ್ಕ ನೋವಾಗತೈತಿ ಅಂತೀರಿ. ಅಕಿಗಿ ಆಗಂಗಿಲ್ಲೇನು?" ಅತ್ತೆಯವರು ಹೀಗೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಮಾವನವರು ತಲೆ ತಗ್ಗಿಸಿ ಕೂತರು. ನೀವು ಏನೇ ಹೇಳಿ, ಆಗ ಅವರನ್ನು ನೋಡಿ ನನಗೆ ನಗು ಬರಲಿಲ್ಲ.

ಆ ಮಧ್ಯಾಹ್ನ ಬಿದ್ರಿಯ ಹತ್ತಿರದ ಹಳ್ಳಿಯಿಂದ ಸುದ್ದಿ ಬಂತು. ಅಲ್ಲಿಯ ಒಬ್ಬ ರೈತ ಹಿಂದೊಮ್ಮೆ ಗ್ಯಾರೇಜು ಇಟ್ಟಿದ್ದನಂತೆ, ಅದೇ ಜಾತಿಯ ಯಂತ್ರ ಶೆಡ್ಡಿನಲ್ಲಿದೆಯಂತೆ. ಭಾನುವಾರ ನಸುಕಿನಲ್ಲೇ ಹೊರಟೆವು. ದಾರಿಯುದ್ದಕ್ಕೂ ಕಬ್ಬು ಕಡಿಯುವವರು ಗಾಡಿ ಸಿದ್ಧ ಮಾಡುತ್ತಿದ್ದರು. ಸಾಮಾನ್ಯವಾಗಿ ಪ್ರತಿ ಗಾಡಿಯ ಟೈರಿನ ಗಾಳಿ ಎಷ್ಟಿದೆಯೆಂದು ಹೇಳುತ್ತ ಬರುವ ಮನುಷ್ಯ ಅಂದು ಕಿಟಕಿಯ ಕಡೆ ನೋಡಲೇ ಇಲ್ಲ.

ಶೆಡ್ಡಿನಲ್ಲಿ ಕಬ್ಬಿನ ರವದಿಯ, ಅಂದರೆ ಒಣ ಗರಿಯ, ಕೆಳಗೆ ಯಂತ್ರ ಇತ್ತು. ರೈತ ರವದಿ ಸರಿಸಿ, "ತಗೊಂಡ ಹೋಗ್ರಿ, ನನಗ ಜಾಗಾ ಆಗತೈತಿ," ಎಂದು ಎಮ್ಮೆ ಹಿಂಡಲು ಹೋದ. ಮಾವನವರು ಮೊಣಕಾಲೂರಿ ನೋಡಿದರು. ಕೆಳಗಿನ ಎಣ್ಣೆಪೆಟ್ಟಿಗೆ ಉದ್ದಕ್ಕೆ ಸೀಳಿತ್ತು. ಅಂದರೆ ಇಡೀ ಯಂತ್ರವನ್ನು ಎತ್ತಿಕೊಂಡು ಹೋಗಿ ಮಾಯವ್ವನ ಕಟ್ಟೆಯ ಮೇಲೆ ಇಡುವಂತಿಲ್ಲ. ಎಣ್ಣೆ ನಿಲ್ಲದೆ ಅರ್ಧ ತಾಸಿನಲ್ಲಿ ಸುಟ್ಟು ಹೋಗುತ್ತದೆ. ಆದರೆ ಕ್ರ್ಯಾಂಕ್? ಸೀಳಿನಿಂದ ಟಾರ್ಚ್ ಬಿಟ್ಟು ನೋಡಿದೆವು. ಹೊಸದರ ಹಾಗೆ ಹೊಳೆಯುತ್ತಿತ್ತು.

"ಎಣ್ಣಿಪೆಟ್ಟಿಗಿ ಹೊಸದ ಎರಕಾ ಹಾಕಸಿದ್ರ ಇದೂ ಏಳತೈತ್ರಿ," ಎಂದರು ಮಾವನವರು ಸಣ್ಣ ದನಿಯಲ್ಲಿ. "ಆರ ತಿಂಗಳ ಬೇಕು."

ಆರು ತಿಂಗಳು! ನಮ್ಮ ಹತ್ತಿರ ಒಂದು ದಿನ ಇತ್ತು.

"ಅಂಗೈ ಇಡ್ರಿ," ಎಂದರು.

ಇಟ್ಟೆ. ಅವರು ಗಾಲಿ ತಿರುವಿದರು. ಗಾಳಿ ಬಡಿಯಿತು. ಸಂಶಯಕ್ಕೆ ಎಡೆಯೇ ಇಲ್ಲ, ಒಂದಾದ ಮೇಲೊಂದು ಎರಡೂ ಪಿಸ್ಟನ್ನು ನನ್ನ ಅಂಗೈಗೆ ಊದಿದವು. ಬೆರಳ ಸಂದಿಯಿಂದ ಸುಂಯ್ ಎನ್ನುವ ಸದ್ದೂ ಬಂತು. ನಾನು ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದೆ. ನನ್ನ ಕಣ್ಣಿಗೆ ಆ ಯಂತ್ರ ಕಾಣುತ್ತಿರಲಿಲ್ಲ. ತನ್ನದೇ ಕಟ್ಟೆಯಿಂದ ಸರಿದು ನಿಂತ ಮಾಯವ್ವ ಕಾಣುತ್ತಿದ್ದಳು.

"ಇಲ್ರಿ," ಎಂದೆ.

ಗಾಲಿ ನಿಂತಿತು. "ಏನಂದ್ರಿ?"

"ಗಾಳಿ ಇಲ್ರಿ ಮಾವಾರ."

ಇವರ ಕಿವಿಯ ವಿಷಯ ನಿಮಗೆ ಹೇಳಿಲ್ಲ. ರಸ್ತೆಯಲ್ಲಿ ಹೋಗುವ ಟೆಂಪೋದ ಯಾವ ನಟ್ಟು ಸಡಿಲಾಗಿದೆ ಎನ್ನುವುದನ್ನು ಮನೆಯೊಳಗೆ ಊಟಕ್ಕೆ ಕೂತೇ ಹೇಳುವ ಕಿವಿ ಅದು. ಆ ಸದ್ದು ಅವರಿಗೆ ಕೇಳಿಸದಿರಲು ಸಾಧ್ಯವೇ? ಅವರು ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ.

"ಖರೇನ?"

"ಖರೇರಿ."

ಇನ್ನೊಮ್ಮೆ ಗಾಲಿ ತಿರುವಬಹುದಿತ್ತು. ತಿರುವಲಿಲ್ಲ. ತಮ್ಮ ಅಂಗೈ ಇಟ್ಟು ನೋಡಬಹುದಿತ್ತು. ಇಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಯಂತ್ರದ ತಲೆಯ ದೂಳು ಒರೆಸಿದರು. ಎರಡೂ ಕೈ ಜೋಡಿಸಿದರು. ಆಮೇಲೆ ಚೀಲದಿಂದ ಪಾನಾ ತೆಗೆದು ಮೊದಲ ನಟ್ಟಿಗೆ ಹಚ್ಚಿದರು.

ಗಡಹಿಂಗ್ಲಜ ಮುಟ್ಟಿದಾಗ ಹತ್ತೂವರೆ. ಮಾಯವ್ವ ಯಂತ್ರವನ್ನು ಬಿಚ್ಚಿ, ತೊಳೆದು, ಭಾಗಗಳನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಳು. ಕ್ರ್ಯಾಂಕ್ ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದೆ ಕೂತಿತು. ಎರಡು ಗಂಟೆಗೆ ಬೆಲ್ಟ್ ಹಾಕಿ ಸ್ವಿಚ್ ಒತ್ತಿದರು. ಡಬಡಬ ಶುರುವಾಯಿತು, ಮುಳ್ಳು ಏರಿತು. ಪಂಪಿನ ಮಾಲೀಕ ಬಂದು ಮುಳ್ಳನ್ನು ನೋಡಿ, ಮಾಯವ್ವನ ಮುಖ ನೋಡಿ, ಒಳಗೆ ಹೋದ. ಮರುದಿನದ ಕಬ್ಬಿಗೆ ಹೊರಟಿದ್ದ ಟ್ರ್ಯಾಕ್ಟರೊಂದು ಟ್ರೇಲರಿನ ಚಪ್ಪಟೆ ಟೈರು ಎಳೆದುಕೊಂಡು ಅಷ್ಟರಲ್ಲೇ ಬಂತು. ಮಾಯವ್ವ ಪೈಪು ಹಚ್ಚಿದಳು. ಟೈರು ತುಂಬುತ್ತಿದ್ದ ಹಾಗೆ ಆಕೆಯ ಕಣ್ಣೂ ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಗ್ರೀಸ್ ಹತ್ತೇತಿ," ಎಂದಳು.

ಚಹಾ ತರಿಸಿದಳು. ಮಾವನವರು ಬೇಡವೆಂದರು.

"ಕಾಕಾ, ಈ ಕ್ರ್ಯಾಂಕ್ ಎಲ್ಲಿಂದ ತಂದ್ರಿ?"

"ಒಬ್ಬರು ಕೊಟ್ರವ್ವಾ," ಎಂದರು.

ಹಿಂದಿರುಗುವಾಗ ನಾನೇ ಮಾತು ತೆಗೆಯಲು ನೋಡಿದೆ. ನೂರು ಪೀಸಿನ ಫೌಂಡ್ರಿಯವನನ್ನು ನೆನಪಿಸಿದೆ, ಇಲಿಯ ಹತ್ತಿಯನ್ನು ನೆನಪಿಸಿದೆ. "ಹೂಂ" ಎಂದರಷ್ಟೇ. ಇಚಲಕರಂಜಿ ಮುಟ್ಟಿದಾಗ ಸೂರ್ಯ ಇಳಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಊಟ ಇಲ್ಲದ ಮನೆ. ಅತ್ತೆಯವರು ಎರಡು ತಾಟು ಹಾಕಿ ಗಡಿಬಿಡಿ ಮಾಡುತ್ತಿದ್ದರು. ಮಾಯವ್ವ ಅವರಿಗೆ ಆಗಲೇ ಫೋನು ಮಾಡಿ ಎಲ್ಲ ಹೇಳಿದ್ದಳು. ಅತ್ತೆಯವರ ಮುಖ ಅರಳಿತ್ತು.

ಮಾವನವರು ಕೈಕಾಲು ತೊಳೆದು ಬಂದು ಕೂತರು, ತಮ್ಮ ತಾಟನ್ನು ಮಗುಚಿಟ್ಟರು. "ಇವತ್ತು, ನಾಳೆ, ಎರಡ ದಿನಾ ನಂದು ಉಪವಾಸ," ಎಂದರು.

"ಅಯ್ಯ, ಯಾವ ಉಪವಾಸರಿ? ಇವತ್ತ ಚತುರ್ದಶಿನೂ ಅಲ್ಲ, ಅಷ್ಟಮಿನೂ ಅಲ್ಲ! ಮೊದಲ ಹೇಳಬಾರದ? ಎಂಟ್ ಭಾಕರಿ ಬಡದೇನಿ!"

ಅತ್ತೆಯವರು ಗೊಣಗುತ್ತ ಒಳಗೆ ಹೋದರು. ನನಗೆ ಅರ್ಥವಾಯಿತು. ಹನ್ನೆರಡು ವರ್ಷ ಈ ಮನುಷ್ಯನನ್ನು ಆಡಿಕೊಂಡು ಊರನ್ನೆಲ್ಲ ನಗಿಸಿದ್ದೆ. ನಾನೂ ನನ್ನ ತಾಟನ್ನು ಮೆಲ್ಲಗೆ ಮುಂದಕ್ಕೆ ಸರಿಸಿದೆ.

"ಮಾವಾರ, ಸುಳ್ಳು ಹೇಳಿದಾಂವ ನಾನು. ಉಪವಾಸ ನಾ ಮಾಡಬೇಕ್ರಿ."

ಅವರು ತಾಟನ್ನು ಮರಳಿ ನನ್ನ ಮುಂದೆ ಎಳೆದಿಟ್ಟರು.

"ಸುಳ್ಳು ನಿಮ್ಮ ಬಾಯಾಗಿಂದ ಬಂತ್ರಿ, ಖರೆ. ಬೇಕಾಗಿದ್ದು ನನಗ. ಕೇಳಿಸಿದ್ರೂ ಸುಮ್ಮ ಕುಂತಾಂವ ನಾನು," ಎಂದರು. "ನಿಮ್ಮ ಪಾಲಿಗಿ ಏನೂ ಇಲ್ಲ. ಹೊತ್ತ ಮುಳಗತೈತಿ, ಉಣ್ರಿ ನೀವು."

ಉಂಡೆ. ಬೆಳಗಿನಿಂದ ನೀರೂ ಕುಡಿಯದ ಅವರು ನನ್ನ ಎದುರಿಗೆ ಕೂತು, ಉಗುರಿನ ಸಂದಿಯಲ್ಲಿ ಇನ್ನೂ ಮಸಿ ಉಳಿದಿದ್ದ ಕೈಯಿಂದ, ನನ್ನ ಭಾಕರಿಯ ಮೇಲೆ ತಾವೇ ತುಪ್ಪ ಬಡಿಸುತ್ತಿದ್ದರು.